ಜಗಲಿಯಲ್ಲಿ 92, ಮೆತ್ತಿನಲ್ಲಿ 4: ಮಲೆನಾಡಿನ ಮನೆಯ ವೈಫೈ ಸರಿಮಾಡುವ ಬಗೆ

ಸಾಗರದ ಹತ್ತಿರ ಅಕ್ಕನ ಮನೆ. ಹಂಚಿನ ಮಾಡು, ಜಂಬಿಟ್ಟಿಗೆ ಗೋಡೆ, ಎದುರಿಗೆ ಅಂಗಳ, ಹಿಂದೆ ತೋಟ. ಅವಳ ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಮೆತ್ತಿನ (ಮಹಡಿಯ) ಮೇಲಿನ ಕೋಣೆಯಲ್ಲಿ ಕೂತು ಮಾಡುತ್ತಾಳೆ. ಕಳೆದ ಮಳೆಗಾಲದಲ್ಲಿ, ಪುನರ್ವಸು ಮಳೆ ಹಿಡಿದು ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಫೋನ್ ಮಾಡಿದಳು. "ಮಾವ, ನೂರರ ಪ್ಲಾನ್ ತೆಗೆದು ಮುನ್ನೂರರದ್ದು ಹಾಕಿಸ್ತೀನಿ. ಮೀಟಿಂಗಿನಲ್ಲಿ ನನ್ನ ಮಾತು ಅವರಿಗೆ ಅರ್ಧಕ್ಕರ್ಧ ಕೇಳ್ತಾನೇ ಇಲ್ಲ." ಎರಡು ದಿನ ತಡಿ ಅಂದು ನಾನೇ ಹೋದೆ. ಜಗಲಿಯಲ್ಲಿ ರೂಟರಿನ ಎದುರು ನಿಂತು ಫೋನಿನಲ್ಲಿ ವೇಗ ಅಳೆದರೆ 92 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 92 ಮೆಗಾಬಿಟ್. ಮೆತ್ತು ಹತ್ತಿ ಅವಳ ಮೇಜಿನ ಹತ್ತಿರ ಅಳೆದರೆ 4. ಮುನ್ನೂರರ ಪ್ಲಾನ್ ಹಾಕಿಸಿದ್ದರೂ ಮೇಲೆ ಸಿಗುತ್ತಿದ್ದದ್ದು ಆ ನಾಲ್ಕೇ.

ಗುಡ್ಡದಿಂದ ಪೈಪಿನಲ್ಲಿ ಇಳಿದುಬರುವ ಅಬ್ಬಿ ನೀರು ಬಳಸುವ ಮನೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬಚ್ಚಲಿನ ನಲ್ಲಿಯಲ್ಲಿ ನೀರು ಸಣ್ಣಗಾದರೆ ಯಾರೂ ದೊಡ್ಡ ಪೈಪು ತರಲು ಪೇಟೆಗೆ ಓಡುವುದಿಲ್ಲ. ಅಂಗಳದಲ್ಲಿ ಪೈಪಿನ ಜಾಯಿಂಟ್ ಬಿಚ್ಚಿ ನೋಡುತ್ತಾರೆ. ಅಲ್ಲಿ ಭರ್ತಿ ಬರುತ್ತಿದ್ದರೆ ತೊಂದರೆ ಮನೆಯೊಳಗಿದೆ, ಅಲ್ಲೇ ಕಡಿಮೆ ಇದ್ದರೆ ಗುಡ್ಡ ಹತ್ತಬೇಕು. ಇಂಟರ್‌ನೆಟ್ಟಿಗೆ ಆ ಜಾಯಿಂಟ್ ಎಂದರೆ ರೂಟರ್. ಹೊರಗಿನಿಂದ ರೂಟರಿನ ತನಕ ಒಂದು ದಾರಿ, ರೂಟರಿನಿಂದ ನಿಮ್ಮ ಕೈಯ ಫೋನಿನ ತನಕ ಇನ್ನೊಂದು ದಾರಿ. ವೇಗ ಏರಿಳಿಯುತ್ತಿದ್ದರೆ ಯಾವ ದಾರಿಯಲ್ಲಿ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದು ಗೊತ್ತಾಗುವ ಮುಂಚೆ ಪ್ಲಾನ್ ಬದಲಿಸುವುದಾಗಲಿ, ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಕೊಳ್ಳುವುದಾಗಲಿ ದಯವಿಟ್ಟು ಮಾಡಬೇಡಿ. ಹೀಗೆ ದುಡ್ಡು ಕಳೆದುಕೊಂಡ ಎಷ್ಟೋ ಮನೆಗಳನ್ನು ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್

ಪ್ಲಾನಿನಲ್ಲಿ 100 ಎಂದು ಬರೆದಿರುವುದು ಮೆಗಾಬಿಟ್ ಲೆಕ್ಕ. ಸಿನಿಮಾನೋ ಫೈಲೋ ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 12.5 ಎಂಬಿಗಿಂತ ಹೆಚ್ಚು ಇಳಿಯಲಾರದು. 11 ಇಳಿಯುತ್ತಿದ್ದರೆ ನಿಮ್ಮ ಲೈನು ಚೆನ್ನಾಗಿದೆ. "ನೂರು ಕೊಡ್ತೀವಿ ಅಂದು ಹನ್ನೊಂದು ಕೊಡ್ತಿದ್ದಾರೆ" ಎಂಬ ದೂರಿಗೆ ಬಹಳ ಸಲ ಕಾರಣ ಇದೇ.

ನಮ್ಮ ಮನೆಗಳಲ್ಲಿ ದಿನನಿತ್ಯದ ಕೆಲಸಕ್ಕೆ ಬೇಕಾದ ವೇಗ ಅಷ್ಟೇನೂ ದೊಡ್ಡದಲ್ಲ. ಒಂದು ವಿಡಿಯೊ ಕರೆಗೆ 3-4 ಎಂಬಿಪಿಎಸ್, ಎಚ್‌ಡಿ ಸಿನಿಮಾಕ್ಕೆ 5ರ ಆಸುಪಾಸು ಸಾಕು. ಕರೆ ಹರಿದುಹೋಗುವುದು ವೇಗ ಕಡಿಮೆ ಇರುವುದಕ್ಕಿಂತ ಅದು ಒಂದೇ ಸಮ ಇಲ್ಲದಿರುವುದಕ್ಕೆ. ಒಂದು ಸೆಕೆಂಡು 60, ಮರುಸೆಕೆಂಡು ಸೊನ್ನೆ ಅಂತಾದರೆ ಸರಾಸರಿ ಎಷ್ಟೇ ಚೆಂದ ಕಂಡರೂ ಮಾತು ತುಂಡಾಗುತ್ತದೆ.

ಆದ್ದರಿಂದ ಒಂದು ಸಲ ಅಳೆದು ತೀರ್ಮಾನಕ್ಕೆ ಬರಬೇಡಿ. ಮೂರು ದಿನ, ದಿನಕ್ಕೆ ಮೂರು ಹೊತ್ತು ಅಳೆಯಿರಿ. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ 9ರ ಹೊತ್ತಿಗೆ ಒಮ್ಮೆ. ಪ್ರತಿ ಸಲವೂ ಅದೇ ಫೋನು, ಅದೇ ಜಾಗ, ಸ್ಪೀಡ್ ಟೆಸ್ಟಿನಲ್ಲಿ ಅದೇ ಸರ್ವರ್ ಇರಲಿ. ಸರ್ವರ್ ತಾನಾಗಿ ಬದಲಾಗುತ್ತಿದ್ದರೆ ನಿನ್ನೆಯ ಅಂಕಿಗೂ ಇಂದಿನ ಅಂಕಿಗೂ ತಾಳೆಯೇ ಆಗುವುದಿಲ್ಲ. ಇಂಟರ್‌ನೆಟ್ ಕೊಡುವವರದೇ ಸರ್ವರ್ ಆರಿಸಿಕೊಂಡರೆ ಅಂಕಿ ಯಾವಾಗಲೂ ಸೊಗಸಾಗಿಯೇ ಬರುವ ಸಾಧ್ಯತೆ ಇದೆ, ಬೆಂಗಳೂರಿನ ಬೇರೆ ಯಾವುದಾದರೂ ಸರ್ವರ್ ಇಟ್ಟುಕೊಳ್ಳಿ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಕಳಿಸಿದ ಪುಟ್ಟ ಸಂದೇಶಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು) ಮೂರನ್ನೂ ಬರೆದುಕೊಳ್ಳಿ. ಪಕ್ಕದಲ್ಲಿ ಇನ್ನೆರಡು ಮಾತು: ಮಳೆ ಇತ್ತೋ ಇಲ್ಲವೋ, ಕರೆಂಟಿತ್ತೋ ಇನ್ವರ್ಟರೋ. ನಮ್ಮ ಊರುಗಳಲ್ಲಿ ಈ ಎರಡು ಮಾತು ಅಂಕಿಗಳಿಗಿಂತ ಹೆಚ್ಚು ಗುಟ್ಟು ಬಿಟ್ಟುಕೊಡುತ್ತವೆ.

ಕೇಬಲ್ ಚುಚ್ಚಿ ನೋಡಿ

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಒಂದು ಲ್ಯಾನ್ ಕೇಬಲಿನಿಂದ ಲ್ಯಾಪ್‌ಟಾಪನ್ನು ನೇರ ರೂಟರಿಗೆ ಜೋಡಿಸಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಮನೆಯ ಉಳಿದ ಫೋನು, ಟಿವಿ ಎಲ್ಲವನ್ನೂ ಐದು ನಿಮಿಷ ವೈಫೈನಿಂದ ಬಿಡಿಸಿ. ಈಗ ಅಳೆಯಿರಿ. ಈಗಿನ ತೆಳು ಲ್ಯಾಪ್‌ಟಾಪುಗಳಿಗೆ ಲ್ಯಾನ್ ಕಿಂಡಿ ಇರುವುದಿಲ್ಲ, ಯುಎಸ್‌ಬಿಗೆ ಚುಚ್ಚುವ ಅಡಾಪ್ಟರ್ ಸಿಗುತ್ತದೆ. ಅದೂ ಇಲ್ಲದಿದ್ದರೆ ರೂಟರಿನಿಂದ ಎರಡು ಮೀಟರಿನೊಳಗೆ, ನಡುವೆ ಏನೂ ಅಡ್ಡ ಇಲ್ಲದ ಹಾಗೆ ನಿಂತು, ಫೋನನ್ನು 5 ಗಿಗಾಹರ್ಟ್ಸ್ ಹೆಸರಿಗೆ (ರೂಟರಿನ ವೇಗದ ವೈಫೈ, ಮುಂದೆ ಹೇಳಿದ್ದೇನೆ) ಸೇರಿಸಿ ಅಳೆಯಿರಿ. ಕೇಬಲಿನಷ್ಟು ಖಚಿತವಲ್ಲ, ಆದರೂ ನಡೆಯುತ್ತದೆ.

200ರ ಪ್ಲಾನ್ ಇದ್ದೂ ಕೇಬಲಿನಲ್ಲಿ ಎಷ್ಟು ಸಲ ನೋಡಿದರೂ 93, 94, 95 ಎಂದೇ ಬಂದರೆ, ಅದು ಲೈನಿನ ತೊಂದರೆ ಅಲ್ಲ. ಎಲ್ಲೋ ಒಂದು ಕಡೆ 100ರ ಪೋರ್ಟ್ ಕೂತಿದೆ. ಅಗ್ಗದ ರೂಟರುಗಳಲ್ಲಿ ಹಲವಕ್ಕೆ ಇರುವುದೇ 100 ಎಂಬಿಪಿಎಸ್ ಪೋರ್ಟು. ಅಥವಾ ಕೇಬಲಿನ 8 ಎಳೆಯಲ್ಲಿ ಒಂದು ತುಂಡಾಗಿದೆ. ಗಿಗಾಬಿಟ್ ವೇಗಕ್ಕೆ ಎಂಟೂ ಎಳೆ ಬೇಕು. ಒಂದು ಜೋಡಿ ಹೋದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಅಟ್ಟದಲ್ಲಿ ಇಲಿ ಓಡಾಡುವ ಮನೆಗಳಲ್ಲಿ ಇದನ್ನು ಮರೆಯಬೇಡಿ.

ಅಂಕಿ ಬರೆದುಕೊಂಡ ಮೇಲೆ, ನನಗೆ ಬಹಳ ಮೆಚ್ಚಿಕೆಯಾದ ಒಂದು ಪರೀಕ್ಷೆ ಮಾಡಿ. ಈ ಸಲ ಲ್ಯಾಪ್‌ಟಾಪನ್ನು ನೀವು ದಿನಾ ಕೂರುವ ಜಾಗಕ್ಕೇ ಒಯ್ದು, ವೈಫೈ ಹಚ್ಚಿ, ಎರಡು ಕಮಾಂಡ್ ಕಿಟಕಿ ತೆರೆಯಿರಿ. ವಿಂಡೋಸಿನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಎಂದು ಹುಡುಕಿದರೆ ಸಿಗುತ್ತದೆ. ಮೊದಲನೆಯದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಪಿಂಗ್ ಎಂದು ಬರೆದು, ಜಾಗ ಬಿಟ್ಟು ರೂಟರಿನ ವಿಳಾಸ, ಮತ್ತೆ ಜಾಗ ಬಿಟ್ಟು ಒಂದು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿಸಿ ಟಿ ಅಕ್ಷರ ಹಾಕಿ ಎಂಟರ್ ಒತ್ತಿ. ರೂಟರಿನ ವಿಳಾಸ ಅದರ ಹೊಟ್ಟೆಯಡಿಯ ಚೀಟಿಯಲ್ಲಿ ಇರುತ್ತದೆ, ಹೆಚ್ಚಾಗಿ 192.168.1.1. ಎರಡನೆಯ ಕಿಟಕಿಯಲ್ಲಿ ಅದೇ ರೀತಿ 8.8.8.8 ಹಾಕಿ, ಅದು ಹೊರಗಿನ ದಾರಿಯ ಆಚೆ ಇರುವ, ಗೂಗಲ್‌ನ ಡಿಎನ್‌ಎಸ್ (ವೆಬ್ ವಿಳಾಸ ಹುಡುಕಿಕೊಡುವ) ಸರ್ವರ್. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಹತ್ತು ನಿಮಿಷ ನೋಡುತ್ತಾ ಕೂರಿ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ.

ರೂಟರಿನ ಕಿಟಕಿಯಲ್ಲಿ 2, 3, 5 ಮಿಲಿಸೆಕೆಂಡು ಓಡುತ್ತಿರಬೇಕು. ಹೊರಗಿನದರಲ್ಲಿ ಫೈಬರ್ ಆದರೆ ಸಾಮಾನ್ಯವಾಗಿ 10ರಿಂದ 40. ರೂಟರಿನ ಕಿಟಕಿಯಲ್ಲೇ 3, 4, 180, 3, 350 ಎಂದು ಕುಣಿಯುತ್ತಿದ್ದರೆ ತೊಂದರೆ ನಿಮ್ಮ ಮನೆಯೊಳಗಿನ ಗಾಳಿಯಲ್ಲಿದೆ, ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ರೂಟರಿನದು ಶಾಂತವಾಗಿದ್ದು ಹೊರಗಿನದು ಮಾತ್ರ ಕುಣಿದರೆ ಹೊರಗಿನ ದಾರಿಯನ್ನು ನೋಡಬೇಕು.

ಆದರೆ ಹೊರಗಿನದು ಕುಣಿಯುವುದಕ್ಕೆ ಮನೆಯೊಳಗಿನ ಕಾರಣವೂ ಒಂದಿದೆ. ಅಕ್ಕನ ಮನೆಯಲ್ಲಿ ಎರಡನೆಯ ದಿನ ಸಂಜೆ ಪಿಂಗ್ ಇದ್ದಕ್ಕಿದ್ದಂತೆ 20ರಿಂದ 400ಕ್ಕೆ ಹೋಯಿತು. ರೂಟರಿನದು ಮೂರರಲ್ಲೇ ಇತ್ತು. ಲೈನೇ ಕೆಟ್ಟಿತೋ ಎಂದುಕೊಳ್ಳುವಷ್ಟರಲ್ಲಿ ಕಾರಣ ಜಗಲಿ ಹತ್ತಿ ಬಂತು. ಭಾವ ತೀರ್ಥಹಳ್ಳಿಯ ಒಂದು ಮದುವೆ ಮುಗಿಸಿ ಬಂದಿದ್ದರು. ಅವರ ಫೋನು ಮನೆಯ ವೈಫೈ ಸಿಕ್ಕಿದ್ದೇ ತಡ, ಮದುವೆಯ ಇನ್ನೂರು ಫೋಟೊ, ಹತ್ತು ವಿಡಿಯೊಗಳನ್ನು ಕ್ಲೌಡಿಗೆ ಏರಿಸತೊಡಗಿತ್ತು. ಅಪ್‌ಲೋಡ್ ತುಂಬಿದರೆ ರೂಟರಿನಲ್ಲಿ ಸಾಲು ಬೆಳೆದು ವಿಡಿಯೊ ಕರೆಯ ಪುಟ್ಟ ಪುಟ್ಟ ಪ್ಯಾಕೆಟ್ಟುಗಳೂ ಅದರ ಹಿಂದೆ ನಿಲ್ಲಬೇಕಾಗುತ್ತದೆ. ಡೌನ್‌ಲೋಡ್ ಅಂಕಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಫೋಟೊ ಬ್ಯಾಕಪ್, ವಿಂಡೋಸ್ ಅಪ್‌ಡೇಟ್, ಮೊಬೈಲ್ ಆ್ಯಪ್ ಅಪ್‌ಡೇಟುಗಳನ್ನು ರಾತ್ರಿ ಮಲಗಿದ ಮೇಲೆ ನಡೆಯುವಂತೆ ಇಡಿ. ರೂಟರಿನಲ್ಲಿ ಕ್ಯೂಒಎಸ್ ಎಂಬ ಸೌಲಭ್ಯ ಇದ್ದರೆ ಕೆಲಸದ ಲ್ಯಾಪ್‌ಟಾಪಿಗೆ ಮೊದಲ ಪಾಳಿ ಕೊಡಿ. ಸಿಸಿಟಿವಿ ಕ್ಯಾಮೆರಾ ಹಾಕಿಸಿದವರು ಅದು ದಿನವಿಡೀ ವಿಡಿಯೊವನ್ನು ಹೊರಗೆ ಕಳಿಸುತ್ತಿದೆಯೇ ಎಂದೂ ನೋಡಿಕೊಳ್ಳಿ.

ಕೇಬಲಿನಲ್ಲೂ ಏರಿಳಿತ ಕಂಡರೆ

ಫೈಬರ್ ಸಂಪರ್ಕವಾದರೆ ಗೋಡೆಯಲ್ಲಿ ಒಎನ್‌ಟಿ ಪೆಟ್ಟಿಗೆ (ಫೈಬರಿನ ಬೆಳಕನ್ನು ರೂಟರಿಗೆ ತಿಳಿಯುವ ಸಂಕೇತವಾಗಿ ಬದಲಿಸುವಂಥದ್ದು) ಇರುತ್ತದೆ, ಹಲವು ಮನೆಗಳಲ್ಲಿ ರೂಟರೂ ಅದೇ. ಎಲ್‌ಒಎಸ್ ಎಂಬ ದೀಪ ಕೆಂಪಗೆ ಉರಿದರೆ ಅಥವಾ ಮಿಣುಕಿದರೆ ಬೆಳಕೇ ಬರುತ್ತಿಲ್ಲ, ದೂರು ಕೊಡುವುದೊಂದೇ ದಾರಿ. ನಮ್ಮನ್ನು ಸತಾಯಿಸುವುದು ಅದಲ್ಲ, ದೀಪ ಹಸಿರಾಗಿಯೇ ಇದ್ದು ವೇಗ ಮಾತ್ರ ಹಾರಾಡುವ ಸ್ಥಿತಿ.

ಬ್ರೌಸರಿನಲ್ಲಿ ವಿಳಾಸ ಬರೆದರೆ ತೆರೆಯುವ ಒಎನ್‌ಟಿಯ ಸೆಟ್ಟಿಂಗ್ಸ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ ಇರುತ್ತದೆ. ಒಳಬರುವ ಬೆಳಕಿನ ಬಲ ಅದು, ಡಿಬಿಎಂ ಲೆಕ್ಕದಲ್ಲಿ, ಋಣ ಸಂಖ್ಯೆಯಾಗಿ. −8ರಿಂದ −27ರ ನಡುವೆ ಇರಬೇಕು. −27ರ ಹತ್ತಿರ ಹೋದಷ್ಟೂ ಬೆಳಕು ಕ್ಷೀಣ. ಪ್ರತಿ 3 ಡಿಬಿ ಇಳಿದರೆ ಬೆಳಕು ಅರ್ಧವಾದಂತೆ. ನನ್ನ ಲೆಕ್ಕದಲ್ಲಿ −23ರ ತನಕ ನಿಶ್ಚಿಂತೆ, −25 ದಾಟಿದರೆ ಯಾರನ್ನಾದರೂ ಕರೆಸಲೇಬೇಕು.

ನಮ್ಮ ಮನೆಯಲ್ಲೇ ಎರಡು ವರ್ಷದ ಹಿಂದೆ ಹೀಗಾಗಿತ್ತು. ಬಿಸಿಲಿರುವಾಗ ಸರಿ, ಗಾಳಿಮಳೆ ಬಂದರೆ ಸಾಕು ನೆಟ್ ಹೋಗಿ ಬಂದು ಮಾಡುತ್ತಿತ್ತು. ದೂರವಾಣಿಯಲ್ಲಿ ಪ್ರತಿ ಸಲ ಸಿಕ್ಕಿದ ಉತ್ತರ "ರೂಟರ್ ಆಫ್ ಮಾಡಿ ಆನ್ ಮಾಡಿ". ಕೊನೆಗೆ ಗಾಳಿ ಬೀಸುವಾಗ ಆ ಪುಟ ತೆರೆದು ಕೂತೆ. −21 ಇದ್ದದ್ದು −26ಕ್ಕೆ ಜಾರುತ್ತದೆ, ಗಾಳಿ ನಿಂತರೆ ಮತ್ತೆ −21. ಕೊಡೆ ಹಿಡಿದು ಕೇಬಲಿನ ಗುಂಟ ನಡೆದುಕೊಂಡು ಹೋದೆ. ರಸ್ತೆ ಬದಿಯ ಹಲಸಿನ ಮರದ ಒಂದು ಕೊಂಬೆಗೆ ಕೇಬಲನ್ನು ಬಿಗಿಯಾಗಿ ಒಂದು ಸುತ್ತು ಸುತ್ತಿ ಕಟ್ಟಿದ್ದರು. ಕಟ್ಟಿದಾಗ ಸಡಿಲ ಇದ್ದಿರಬಹುದು, ಕೊಂಬೆ ಬೆಳೆದು ದಪ್ಪವಾಗಿದೆ. ಗಾಳಿಗೆ ಕೊಂಬೆ ತೂಗಿದಾಗಲೆಲ್ಲ ಗಾಜಿನ ಎಳೆ ಅಲ್ಲಿ ಬಗ್ಗಿ ಬೆಳಕು ಸೋರಿಹೋಗುತ್ತಿತ್ತು. ಆ ಅಂಕಿಗಳ ಫೋಟೊ ಕಳಿಸಿದ ಮರುದಿನವೇ ಹುಡುಗರು ಬಂದು ಸುತ್ತು ಬಿಚ್ಚಿ, ಕೇಬಲಿಗೆ ದೊಡ್ಡ ಕುಣಿಕೆ ಬಿಟ್ಟು ಹೋದರು. ಅಲ್ಲಿಂದ ಈಚೆಗೆ −20.

ಮಳೆ ಹನಿ ವೈಫೈಯನ್ನು ನುಂಗುತ್ತದೆ ಎಂದು ಹಲವರು ನಂಬಿದ್ದಾರೆ. ವೈಫೈ ಮತ್ತು ಮೊಬೈಲ್ ಬಳಸುವ ಅಲೆಗಳಿಗೆ ಮಳೆಹನಿಯಿಂದ ಆಗುವ ನಷ್ಟ ಲೆಕ್ಕಕ್ಕೆ ಬರುವಷ್ಟಿಲ್ಲ, ಆಗುಂಬೆಯ ಜಡಿಮಳೆಯಲ್ಲೂ. ಮಳೆಗಾಲದಲ್ಲಿ ಕಾಟ ಕೊಡುವುದು ತೂಗುವ ಕೊಂಬೆ, ಕೇಬಲಿನ ಮೇಲೆ ಬಿದ್ದ ಅಡಿಕೆ ಸೋಗೆ, ಜಾಯಿಂಟ್ ಪೆಟ್ಟಿಗೆಯೊಳಗೆ ಹೊಕ್ಕ ನೀರು, ಜೋಕಾಲಿ ಆಡುವ ಮಂಗಗಳು, ಮತ್ತು ಮುಖ್ಯವಾಗಿ ಕರೆಂಟು. ನಿಮ್ಮ ಮನೆಯ ತನಕದ ಕೇಬಲನ್ನು ಕಣ್ಣಿನಿಂದ ಒಮ್ಮೆ ನೋಡಿ ಬನ್ನಿ, ಮುಟ್ಟಲು ಹೋಗಬೇಡಿ. ಅದು ಕರೆಂಟಿನ ಕಂಬದ ಮೇಲೇ ಹಾದುಬಂದಿರಬಹುದು. ಕಿತ್ತುಬಂದ ಫೈಬರಿನ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡುವುದಂತೂ ಖಂಡಿತ ಬೇಡ. ಆ ಬೆಳಕು ಕಣ್ಣಿಗೆ ಕಾಣದ ತರಂಗದ್ದು, ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ.

ಬೆಳಗಿನ ಜಾವ ಚೆನ್ನಾಗಿದ್ದು ರಾತ್ರಿ 8ರಿಂದ 11ರ ತನಕ ಮಾತ್ರ ಸೋತರೆ ಅದು ಹಂಚಿಕೆಯ ತೊಂದರೆ. ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಸುಮಾರು 2.5 ಗಿಗಾಬಿಟ್ ಬರುತ್ತದೆ, ಅದನ್ನು ಸ್ಪ್ಲಿಟರ್ ಇಟ್ಟು 32 ಅಥವಾ 64 ಮನೆಗೆ ಹಂಚುತ್ತಾರೆ. ಅದಕ್ಕಿಂತ ಹೆಚ್ಚಾಗಿ ಊರಿನಿಂದ ಪೇಟೆಗೆ ಹೋಗುವ ಮೂಲ ಲೈನೇ ಸಣ್ಣದಿರುತ್ತದೆ. ಇದಕ್ಕೆ ನಾವು ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಆದರೆ ನೋಟ್‌ಬುಕ್ ಈಗ ಕೆಲಸಕ್ಕೆ ಬರುತ್ತದೆ. "ನೆಟ್ ಸ್ಲೋ ಇದೆ" ಎಂಬ ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಕೇಬಲಿನಲ್ಲಿ ಅಳೆದಿದ್ದೇನೆ, ಬೆಳಿಗ್ಗೆ 6ಕ್ಕೆ 96, ರಾತ್ರಿ 9ಕ್ಕೆ 11, ಮೂರು ದಿನ ಹೀಗೇ, ಆಪ್ಟಿಕಲ್ ಪವರ್ −19" ಎಂದರೆ ಎದುರಿನವರ ದನಿಯೇ ಬದಲಾಗುತ್ತದೆ. ದೂರಿನ ಡಾಕೆಟ್ ಸಂಖ್ಯೆ ತಪ್ಪದೆ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕು. ಕೇಂದ್ರ ಸರಕಾರ 2023ರಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದೆ, ಇದೂ ನೆನಪಿರಲಿ. ತಿಂಗಳ ಕೊನೆಯ ದಿನಗಳಲ್ಲಿ ಮಾತ್ರ ವೇಗ ಬಿದ್ದರೆ ಮೊದಲು ಪ್ಲಾನಿನ ಎಫ್‌ಯುಪಿ ಮಿತಿ (ಪೂರ್ತಿ ವೇಗದಲ್ಲಿ ಸಿಗುವ ಡೇಟಾದ ಮಿತಿ) ನೋಡಿ, ಡೇಟಾ ಮುಗಿದಿರುತ್ತದೆ.

ಶರಾವತಿ ಹಿನ್ನೀರಿನ ಆಚೆ, ಹೊಸನಗರದ ಒಳಹಳ್ಳಿಗಳಲ್ಲಿ ಫೈಬರ್ ಇನ್ನೂ ತಲುಪದ ಮನೆಗಳು ಸಿಮ್ ಹಾಕುವ ರೂಟರನ್ನೇ ನೆಚ್ಚಿಕೊಂಡಿವೆ. ಅವರಿಗೆ ಒಂದೇ ಮಾತು. ಆ ರೂಟರನ್ನು ಟವರ್ ಇರುವ ದಿಕ್ಕಿನ ಕಿಟಕಿಗೆ, ಸಾಧ್ಯವಾದಷ್ಟು ಎತ್ತರಕ್ಕೆ ಒಯ್ಯಿರಿ. ಅದರ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ ಅಂಕಿ (ಟವರಿನ ಸಿಗ್ನಲ್ ಬಲ) −90ರ ಆಸುಪಾಸು ಬಂದರೆ ಗೆದ್ದಿರಿ, −110 ದಾಟಿದರೆ ಹೊರಗೆ ಕಟ್ಟುವ ಆಂಟೆನಾ ಬೇಕು. ಒಂದು ಮೀಟರ್ ಸರಿಸಿದರೆ ಅಂಕಿ ಬದಲಾಗುತ್ತದೆ, ತಾಳ್ಮೆಯಿಂದ ಕಿಟಕಿ ಕಿಟಕಿ ನೋಡಿ.

ಕೇಬಲಿನಲ್ಲಿ ಸರಿ, ಗಾಳಿಯಲ್ಲಿ ಇಲ್ಲ ಅಂದರೆ

ಹಳೆಯ ಮನೆಗಳಲ್ಲಿ ಬಹುಪಾಲು ಇದೇ. ಇಲ್ಲಿನ ಗೋಡೆಗಳು ಸಿಮೆಂಟ್ ಇಟ್ಟಿಗೆಯ ತೆಳು ಗೋಡೆಗಳಲ್ಲ. ಜಂಬಿಟ್ಟಿಗೆಯಾದರೂ ಮಣ್ಣಿನದಾದರೂ ಒಂದು, ಒಂದೂವರೆ ಅಡಿ ದಪ್ಪ. ಜಂಬಿಟ್ಟಿಗೆಗೆ ಮೈತುಂಬ ತೂತು, ಮಳೆಗಾಲದಲ್ಲಿ ನೀರು ಹೀರಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿ ನಿಲ್ಲುತ್ತದೆ. ಗಾಳಿಯ ಮಳೆಹನಿಯಂತಲ್ಲ, ಗೋಡೆಯಲ್ಲಿ ತುಂಬಿ ನಿಂತ ನೀರು ವೈಫೈ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಬೇಸಿಗೆಯಲ್ಲಿ ಕೊನೆಯ ಕೋಣೆಗೆ ತಲುಪುತ್ತಿದ್ದ ಸಿಗ್ನಲ್ ಆಷಾಢದಲ್ಲಿ ನಡುಮನೆಯಲ್ಲೇ ನಿಲ್ಲುವುದಕ್ಕೆ ಕಾರಣ ಇಲ್ಲಿದೆ.

ವೈಫೈ ಅನಲೈಸರ್ ರೀತಿಯ ಒಂದು ಆ್ಯಪ್ ಹಾಕಿಕೊಂಡು ಮನೆಯೆಲ್ಲ ನಡೆಯಿರಿ. ಅದರಲ್ಲೂ ಡಿಬಿಎಂ ಅಂಕಿಯೇ. −50 ಎಂದರೆ ಬಹಳ ಚೆಂದ, −67ರ ತನಕ ವಿಡಿಯೊ ಕರೆ ಸರಾಗ, −75 ದಾಟಿದರೆ ತೊದಲುತ್ತದೆ. ಅಕ್ಕನ ಮನೆಯಲ್ಲಿ ಜಗಲಿ −38, ನಡುಮನೆ −59, ಅಡುಗೆಮನೆ −71, ಮೆತ್ತಿನ ಮೇಜು −82. ರೂಟರ್ ಇದ್ದದ್ದು ಜಗಲಿಯ ಮೂಲೆಯಲ್ಲಿ, ಕಬ್ಬಿಣದ ಬೀರುವಿನ ಬೆನ್ನಿಗೆ. ಕೇಬಲ್ ಎಳೆದವರಿಗೆ ಎಲ್ಲಿ ತೂತು ಕೊರೆಯಲು ಸುಲಭವೋ ಅಲ್ಲಿ ರೂಟರ್ ಕೂರುತ್ತದೆ. ನಿಮ್ಮದನ್ನೂ ನೋಡಿ, ಹೀಗೇ ಇರಬಹುದು. ಬೀರು, ಫ್ರಿಜ್, ಟಿವಿಯ ಹಿಂಭಾಗ, ಕನ್ನಡಿ, ನೀರಿನ ಟ್ಯಾಂಕು ಇವುಗಳಿಂದ ದೂರ, ತಲೆಗಿಂತ ಎತ್ತರ, ಮನೆಯ ನಡು. ಅಲ್ಲಿಗೆ ಫೈಬರ್ ತಲುಪದಿದ್ದರೆ ಉದ್ದದ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಫೈಬರ್ ಕೇಬಲ್) ಹಾಕಿಸಿಕೊಳ್ಳಬಹುದು. ಹಸಿರು ತುದಿಗೆ ಹಸಿರೇ ಬೇಕು, ನೀಲಿಯದನ್ನು ತುರುಕಿದರೆ ಬೆಳಕು ಹಾಳು. ಆಂಟೆನಾ ನೆಟ್ಟಗೆ ನಿಂತಿದ್ದರೆ ಅಲೆ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ನೇರ ಮೇಲಕ್ಕೆ ಕಡಿಮೆ. ಮೆತ್ತಿಗೆ ಬೇಕೆಂದರೆ ಒಂದು ಆಂಟೆನಾವನ್ನು ಅಡ್ಡ ಮಲಗಿಸಿ.

ಅಡಿಕೆ ಒಣಗಿಸಲು ಅಂಗಳಕ್ಕೆ ತಗಡಿನ ಶೀಟು ಹೊದಿಸಿದವರು ಇನ್ನೊಂದು ವಿಷಯ ಗಮನಿಸಿ. ಲೋಹದ ಶೀಟನ್ನು ವೈಫೈ ದಾಟುವುದೇ ಇಲ್ಲ. ಮೇಲಂತಸ್ತಿನ ಕಿಟಕಿಯಿಂದ ಕೆಳಗಿನ ಅಂಗಳಕ್ಕೆ ಬರುತ್ತಿದ್ದ ಸಿಗ್ನಲ್ ಶೀಟು ಹಾಕಿಸಿದ ವರ್ಷದಿಂದ ನಿಂತುಹೋಗಿದ್ದರೆ ರೂಟರನ್ನು ಬೈಯಬೇಡಿ.

ಇನ್ನು ಬ್ಯಾಂಡ್, ಅಂದರೆ ವೈಫೈ ಓಡುವ ಅಲೆಗಳ ಪಟ್ಟಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ನಮ್ಮ ಗೋಡೆಗಳ ಎದುರು ಬೇಗ ಸೋಲುತ್ತದೆ. ಈಗಿನ ರೂಟರುಗಳು ಎರಡಕ್ಕೂ ಒಂದೇ ಹೆಸರಿಟ್ಟು ಫೋನೇ ಆರಿಸಿಕೊಳ್ಳಲಿ ಎಂದು ಬಿಡುತ್ತವೆ. ದಪ್ಪ ಗೋಡೆಯ ಮನೆಯಲ್ಲಿ ಫೋನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹಾರುತ್ತಾ ಇರುತ್ತದೆ, ವೇಗದ ಏರಿಳಿತಕ್ಕೆ ಇದು ದೊಡ್ಡ ಕಾರಣ. ಸೆಟ್ಟಿಂಗ್ಸಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ರೂಟರ್ ಇರುವ ಕೋಣೆಯ ಟಿವಿ, ಲ್ಯಾಪ್‌ಟಾಪು 5ಕ್ಕೆ. ಅಡುಗೆಮನೆ, ಕೊಟ್ಟಿಗೆ, ಕ್ಯಾಮೆರಾ 2.4ಕ್ಕೆ.

ಬ್ಯಾಂಡಿನೊಳಗಿನ ಓಣಿಗಳಾದ ಚಾನೆಲ್ ವಿಷಯಕ್ಕೆ ಬಂದರೆ ಊರಿಗೂ ಪೇಟೆಗೂ ಬೇರೆ ಮಾತು. ತೋಟದ ನಡುವಿನ ಒಂಟಿ ಮನೆಯಲ್ಲಿ ಆ್ಯಪ್ ತೆರೆದರೆ ಕಾಣುವುದು ನಿಮ್ಮದೊಂದೇ ಹೆಸರು, ಚಾನೆಲ್ ಬದಲಿಸುತ್ತಾ ಹೊತ್ತು ಕಳೆಯಬೇಡಿ. ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಒತ್ತೊತ್ತಾದ ಮನೆಗಳ ನಡುವೆ ಇದ್ದರೆ ಇಪ್ಪತ್ತು ಹೆಸರು ಕಂಡೀತು. ಅಲ್ಲಿ 2.4ರಲ್ಲಿ 1, 6, 11 ಈ ಮೂರೇ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು. ಯಾವುದು ಖಾಲಿಯೋ ಅದಕ್ಕೆ ಬದಲಿಸಿ, ಅಗಲವನ್ನು 20 ಮೆಗಾಹರ್ಟ್ಸಿಗೆ ಇಡಿ. ನಡುವೆ ಇರುವ 3, 4, 8 ಖಾಲಿ ಕಂಡರೂ ಬೇಡ, ಎರಡೂ ಕಡೆಯ ಗದ್ದಲ ನಿಮಗೇ ಬರುತ್ತದೆ. ಪೇಟೆಯಲ್ಲಿ 5 ಗಿಗಾಹರ್ಟ್ಸ್ ಬಳಸುವುದೇ ಜಾಣತನ. 2018ರಲ್ಲಿ ನಮ್ಮ ದೇಶದಲ್ಲಿ ಆ ಬ್ಯಾಂಡಿನ ಇನ್ನಷ್ಟು ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ, ಜಾಗ ಬೇಕಾದಷ್ಟಿದೆ. ಚಾನೆಲ್ 36ರಿಂದ 48ರೊಳಗೆ ಇಡಿ. 52ರಿಂದ 144ರ ತನಕದವು ರೇಡಾರಿಗೆ ದಾರಿ ಬಿಡಬೇಕಾದವು. ರೇಡಾರ್ ಇದೆ ಎಂಬ ಅನುಮಾನ ಬಂದರೂ ರೂಟರ್ ಚಾನೆಲ್ ಬಿಟ್ಟೋಡುತ್ತದೆ, ಆ ಹೊತ್ತಿಗೆ ನಿಮ್ಮ ಕರೆ ಕಡಿಯುತ್ತದೆ.

ಇಷ್ಟಾದರೂ ಮೆತ್ತಿಗೆ, ಹಿತ್ತಿಲ ಕೋಣೆಗೆ ತಲುಪದಿದ್ದರೆ? ಅಂಗಡಿಯವರು ರಿಪೀಟರ್ ಕೊಡುತ್ತಾರೆ. ಒಂದೇ ರೇಡಿಯೊದ ಅಗ್ಗದ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕು, ಹಾಗಾಗಿ ವೇಗ ಅರ್ಧಕ್ಕೆ ಬರುತ್ತದೆ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಇಟ್ಟರೆ ಅದಕ್ಕೂ ಕೇಳುವುದಿಲ್ಲ, ಇಡುವುದಾದರೆ ದಾರಿಯ ನಡುವೆ ಇಡಬೇಕು. ನನ್ನ ಸಲಹೆ ಒಂದೇ, ತಂತಿ ಎಳೆಯಿರಿ. ಅಕ್ಕನ ಮನೆಯಲ್ಲಿ ಮಾಡಿದ್ದು ಇದು. ರೂಟರಿನಿಂದ ಅಟ್ಟದ ಜಂತಿಯ ಗುಂಟ ಮೆತ್ತಿನ ಕೋಣೆಗೆ 22 ಮೀಟರ್ ಕ್ಯಾಟ್ 6 ಕೇಬಲ್ ಎಳೆದೆವು. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಎಳೆ ಬೇಗ ತುಂಡಾಗುತ್ತದೆ. ಮೇಲೆ ಹೊಸ ಪೆಟ್ಟಿಗೆ ಕೊಳ್ಳಲಿಲ್ಲ. ಬೀರುವಿನಲ್ಲಿ ಬಿದ್ದಿದ್ದ ಹಳೆಯ ರೂಟರನ್ನೇ ಆಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಮಾಡಿದೆವು. ಅದರ ಸೆಟ್ಟಿಂಗ್ಸ್ ಪುಟದಲ್ಲಿ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ಕೆಳಗಿನ ರೂಟರಿನ ಹೆಸರು ಮತ್ತು ಪಾಸ್‌ವರ್ಡನ್ನೇ ಕೊಟ್ಟು, ಚಾನೆಲ್ ಮಾತ್ರ ಬೇರೆ ಇಟ್ಟೆವು. ಕೆಳಗಿನಿಂದ ಬಂದ ಕೇಬಲನ್ನು ಅದರ ವ್ಯಾನ್ (ಇಂಟರ್‌ನೆಟ್ ಒಳಬರುವ) ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಚುಚ್ಚಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಮೆತ್ತಿನ ಮೇಜಿನಲ್ಲಿ ಅಂದು ರಾತ್ರಿ 9ಕ್ಕೆ ಬಂದದ್ದು 88. ಹೊಸ ಪ್ಲಾನಿನ ಮಾತು ಅಲ್ಲಿಗೆ ನಿಂತಿತು.

ಲ್ಯಾನ್ ಕೇಬಲ್ 100 ಮೀಟರಿನ ತನಕ ಓಡುತ್ತದೆ. ಆದರೆ ಮನೆಯಿಂದ ಕೊಟ್ಟಿಗೆಗೋ ಅಡಿಕೆ ಬೇಯಿಸುವ ಮನೆಗೋ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯಬೇಡಿ, ಸಿಡಿಲಿಗೆ ಅದು ರಾಜಮಾರ್ಗ. ಎರಡು ಕಟ್ಟಡದ ನಡುವೆ ಫೈಬರನ್ನೇ ಹಾಕಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಕೂಡಿಸುವ ಪೆಟ್ಟಿಗೆ) ಇಟ್ಟರೆ ಆಯಿತು.

ಕರೆಂಟು, ಸಿಡಿಲು

ನೋಟ್‌ಬುಕ್ಕಿನಲ್ಲಿ ಕರೆಂಟಿನ ಕಾಲಂ ಬರೆಯಲು ಹೇಳಿದ್ದು ಸುಮ್ಮನೆ ಅಲ್ಲ. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ಒಎನ್‌ಟಿ ಆರಿ ಹತ್ತಿದರೆ ಮತ್ತೆ ಸಂಪರ್ಕ ಕೂಡಲು ಎರಡು ಮೂರು ನಿಮಿಷ ಬೇಕು. ಮಳೆಗಾಲದ ಒಂದು ಸಂಜೆಯಲ್ಲಿ ಹತ್ತು ಸಲ ಹೀಗಾದರೆ ಮನೆಯವರಿಗೆ ಅದು "ನೆಟ್ ಸ್ಲೋ" ಎಂದೇ ಕಾಣುತ್ತದೆ. ರೂಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ಓದಿಕೊಳ್ಳಿ. ಒಎನ್‌ಟಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಹಾಕಿಸಿ ಏನೂ ಫಲ ಕಾಣಲಿಲ್ಲ ಎಂದವರನ್ನು ನೋಡಿದ್ದೇನೆ. ವರ್ಷಗಟ್ಟಲೆ ಓಡಿದ ಅಡಾಪ್ಟರ್ ಸೋತರೂ ರೂಟರ್ ಕಾರಣವಿಲ್ಲದೆ ರೀಸ್ಟಾರ್ಟ್ ಆಗುತ್ತಿರುತ್ತದೆ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಇನ್ನೊಂದನ್ನು ಒಂದು ದಿನ ಹಾಕಿ ನೋಡಿ, ಪಿನ್ನಿನ ಧನ-ಋಣ ಗುರುತು ಒಂದೇ ಇರಲಿ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಅಡಾಪ್ಟರ್ ಒಂದನ್ನೇ ಕಿತ್ತಿಟ್ಟು ಸುಮ್ಮನಾಗುವವರೇ ಹೆಚ್ಚು. ಫೈಬರಿನ ಎಳೆ ಗಾಜಿನದು, ಕರೆಂಟು ಹರಿಯುವುದಿಲ್ಲ, ಆದರೆ ಕಂಬದಿಂದ ಮನೆಗೆ ಬರುವ ಹಲವು ಕೇಬಲುಗಳಲ್ಲಿ ಎಳೆಯ ಪಕ್ಕದಲ್ಲೇ ಆಧಾರಕ್ಕೆಂದು ಒಂದು ಉಕ್ಕಿನ ತಂತಿ ಇರುತ್ತದೆ. ಆ ಉಕ್ಕಿನ ತಂತಿಯ ತುದಿ ಪೆಟ್ಟಿಗೆಯ ಹತ್ತಿರ ಬರದಂತೆ ಹೊರಗಿನ ಗೋಡೆಯಲ್ಲೇ ಬಿಡಿಸಿ ಕಟ್ಟಲು ಕೇಬಲಿನವರಿಗೆ ಹೇಳಿ. ಮನೆಯೊಳಗೆ ಟಿವಿ, ಕಂಪ್ಯೂಟರ್, ಕ್ಯಾಮೆರಾದ ಡಿವಿಆರ್‌ಗೆ ಹೋಗುವ ಲ್ಯಾನ್ ಕೇಬಲುಗಳನ್ನೂ ರೂಟರಿನ ಬೆನ್ನಿನಿಂದ ಕೀಳಿ. ಒಂದು ಕಡೆ ಹೊಕ್ಕ ಸಿಡಿಲು ಈ ಕೇಬಲುಗಳ ಮೂಲಕವೇ ಮಿಕ್ಕವನ್ನೂ ಸುಡುತ್ತದೆ. ಕೀಳುವುದು ಗುಡುಗು ದೂರದಲ್ಲಿರುವಾಗ, ತಲೆಯ ಮೇಲೆ ಬಂದಾಗ ಕೈ ಹಾಕಬೇಡಿ. ಯಾವ ಕೇಬಲ್ ಯಾವ ಕಿಂಡಿಗೆ ಎಂದು ಒಂದೊಂದಕ್ಕೂ ಚೀಟಿ ಅಂಟಿಸಿಟ್ಟರೆ, ಮನೆಯಲ್ಲಿ ನೀವಿಲ್ಲದ ದಿನವೂ ಯಾರಾದರೂ ಅದನ್ನು ಕಿತ್ತು ಮತ್ತೆ ಸರಿಯಾಗಿ ಹಾಕಬಲ್ಲರು.